ಪ್ಯಾಪ್ ಸ್ಮಿಯರ್ ರಿಪೋರ್ಟ್ ಬಂದ ಮೇಲೆ

ಗರ್ಭಕಂಠದ ಪರೀಕ್ಷೆಗೆ ಬಂದ ಹೆಂಗಸಿನ ಹೆಸರು, ವಯಸ್ಸು, ಊರು ಬರೆದುಕೊಳ್ಳುವ ಫಾರ್ಮಿನಲ್ಲಿ ಮೊಬೈಲ್ ನಂಬರಿಗೂ ಒಂದು ಜಾಗವಿರುತ್ತದೆ. ನಮ್ಮಲ್ಲಿ ಆ ಜಾಗದಲ್ಲಿ ಬಹಳ ಸಲ ಗಂಡನ ನಂಬರೋ ಮಗನ ನಂಬರೋ ಇರುತ್ತದೆ. ಕೆಲವು ದಿನ ಕಳೆದು ಲ್ಯಾಬಿನಿಂದ ರಿಪೋರ್ಟ್ ಬರುವುದೂ ಆ ಫೋನಿಗೇ. ಪರೀಕ್ಷೆ ಮಾಡಿಸಿಕೊಂಡವಳಿಗಿಂತ ಮೊದಲು ಕಾಲೇಜಿಗೆ ಹೋಗುವ ಮಗ ಅದನ್ನು ತೆರೆಯುತ್ತಾನೆ. ಅರ್ಥವಾಗದ ಪದಗಳನ್ನು ಗೂಗಲ್‌ಗೆ ಹಾಕುತ್ತಾನೆ. ಮೊದಲ ಸಾಲಿನಲ್ಲೇ ಕ್ಯಾನ್ಸರ್ ಎಂದು ಕಾಣುತ್ತದೆ. ಕೆಲವು ಮನೆಗಳಲ್ಲಿ ರಾತ್ರೋರಾತ್ರಿ ಬಂಧುಬಳಗಕ್ಕೆಲ್ಲ ಫೋನು ಹೋಗಿ, ಅಕ್ಕತಂಗಿಯರು ಅಳುತ್ತ ಬಂದು, ಬೆಳಗಾಗುವಷ್ಟರಲ್ಲಿ "ಗರ್ಭಕೋಶ ತೆಗೆಸಿಬಿಡೋಣ" ಎಂಬ ತೀರ್ಮಾನವೇ ಆಗಿಬಿಟ್ಟಿರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಅಮ್ಮ ಗಾಬರಿಯಾಗುತ್ತಾಳೆಂದು ಮಗ ಬಾಯಿಬಿಡುವುದಿಲ್ಲ. ಗೊತ್ತಾದರೂ ಆಕೆ "ನನಗೇನು ನೋವಿಲ್ಲವಲ್ಲ, ಮಗಳ ಬಾಣಂತನ ಮುಗಿಯಲಿ" ಎಂದು ಫೈಲನ್ನು ಬೀರುವಿನೊಳಗೆ ಸೀರೆಗಳ ಕೆಳಗಿಟ್ಟುಬಿಡುತ್ತಾಳೆ.

ಸ್ತ್ರೀರೋಗ ವೈದ್ಯೆಯಾಗಿ ಈ ಎರಡೂ ಬಗೆಯವರನ್ನು ನಾನು ನೋಡುತ್ತಲೇ ಬಂದಿದ್ದೇನೆ. ಗಾಬರಿಬಿದ್ದವರು ಬೇಡದ ಆಪರೇಷನ್ನಿಗೆ ಒಳಗಾಗುತ್ತಾರೆ. ಮುಂದೂಡಿದವರಿಗೆ ಬೇಕಾದ ಸಣ್ಣ ಚಿಕಿತ್ಸೆ ತಪ್ಪಿಹೋಗುತ್ತದೆ. ಆ ಕಾಗದ ಹೇಳುವುದು ಇಷ್ಟೇ: ನಿಮಗೆ ಸಮಯವಿದೆ, ಆದರೆ ಮುಂದಿನ ಪರೀಕ್ಷೆಯ ದಿನವನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಪ್ಯಾಪ್ ಸ್ಮಿಯರ್ ಆಗಲಿ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಯಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡುವ ವಿಐಎ ಆಗಲಿ, ಯಾವುದೂ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಕೊನೆಯ ಮಾತು ಹೇಳುವ ಪರೀಕ್ಷೆಯಲ್ಲ. ಅವು ಜರಡಿಯ ಹಾಗೆ. ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ ಸಾವಿರಾರು ಹೆಂಗಸರಲ್ಲಿ ಯಾರನ್ನು ಇನ್ನೊಮ್ಮೆ ಹತ್ತಿರದಿಂದ ನೋಡಬೇಕೆಂದು ಬೇರೆ ಮಾಡಿ ಕೊಡುತ್ತವೆ. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ. ವಿಐಎಯಲ್ಲಿ ಹತ್ತಿಯಿಂದ ಗರ್ಭಕಂಠಕ್ಕೆ ಶೇ 5ರ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಅಡುಗೆಗೆ ಬಳಸುವ ವಿನೆಗರ್ ಹೆಚ್ಚುಕಡಿಮೆ ಅಷ್ಟೇ ತೀಕ್ಷ್ಣವಾಗಿರುತ್ತದೆ. ಜೀವಕೋಶಗಳು ಬದಲಾಗಿರುವ ಕಡೆ ಬೆಳ್ಳಗೆ ಕಾಣುತ್ತದೆ. ಆದರೆ ಸೋಂಕಾದ ಜಾಗವೂ, ಮಾಯುತ್ತಿರುವ ಜಾಗವೂ ಬೆಳ್ಳಗಾಗಬಹುದು. ಹಾಗಾಗಿಯೇ ವಿಐಎ ಪಾಸಿಟಿವ್ ಎಂದು ಬರೆಸಿಕೊಂಡು ಬಂದವರಲ್ಲಿ ಬಹುಪಾಲು ಜನಕ್ಕೆ ಕ್ಯಾನ್ಸರ್ ಇರಲಿ, ಅದರ ಮುನ್ನಿನ ಹಂತವೂ ಇರುವುದಿಲ್ಲ.

ಪ್ಯಾಪ್ ಸ್ಮಿಯರ್‌ಗೆ ಆ ಹೆಸರು ಬಂದದ್ದು ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಗ್ರೀಕ್ ವೈದ್ಯ ಜಾರ್ಜ್ ಪಾಪನಿಕೊಲಾವ್ ಅವರಿಂದ. ಅವರು ತಮ್ಮ ಶೋಧದ ಬಗ್ಗೆ ಮೊದಲು ಮಾತಾಡಿದ್ದು 1928ರಲ್ಲಿ. ವೈದ್ಯಲೋಕ ಕಿವಿಗೊಟ್ಟದ್ದು 1940ರ ದಶಕದಲ್ಲಿ. ಅವರಿಗೆ ವರ್ಷಗಟ್ಟಲೆ ತಾಳ್ಮೆಯಿಂದ ಮಾದರಿ ಕೊಟ್ಟವರು ಅವರ ಹೆಂಡತಿ ಆಂಡ್ರೊಮಾಕಿ. ಇವತ್ತು ಲೋಕದಾದ್ಯಂತ ಉಳಿದಿರುವ ಲಕ್ಷಾಂತರ ಜೀವಗಳಲ್ಲಿ ಆ ತಾಯಿಯ ಪಾಲೂ ಇದೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇನ್ನು ರಿಪೋರ್ಟಿನ ಒಳಗೆ ಬರುವ ಪದಗಳು. ನಮ್ಮ ಕಡೆ ಅತಿ ಹೆಚ್ಚು ಜನರನ್ನು ಅಕಾರಣವಾಗಿ ಹೆದರಿಸುವುದು "ಇನ್‌ಫ್ಲಮೇಟರಿ ಸ್ಮಿಯರ್" ಎಂಬ ಮಾತು. ಗರ್ಭಕಂಠದಲ್ಲಿ ಉರಿಯೂತವಿದೆ ಎಂದಷ್ಟೇ ಅದರರ್ಥ. ಬಿಳಿಮುಟ್ಟು, ಸಣ್ಣಪುಟ್ಟ ಸೋಂಕು, ಕಾಪರ್‌-ಟಿ, ಇತ್ತೀಚಿನ ಹೆರಿಗೆ, ಮುಟ್ಟು ನಿಂತ ಮೇಲಿನ ಒಣಗುವಿಕೆ, ಇವುಗಳಲ್ಲಿ ಯಾವುದರಿಂದಲೂ ಹಾಗಾಗಬಹುದು. ಅದೇ ಕಾಗದದಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಬದಲಾವಣೆ ಇಲ್ಲವೆಂದು ಬರೆದಿದ್ದರೆ, ಅಂದರೆ "ನಿಲ್ಮ್" ಎಂದಿದ್ದರೆ, ನಿಮ್ಮದು ಸರಿಯಾಗಿರುವ ರಿಪೋರ್ಟೇ. ಬಿಳಿಮುಟ್ಟು, ತುರಿಕೆ, ವಾಸನೆ ಇದ್ದರೆ ಅದಕ್ಕೆ ಔಷಧಿ ತೆಗೆದುಕೊಳ್ಳಿ. ಉರಿಯೂತ ಎಂಬ ಒಂದೇ ಮಾತಿಗಾಗಿ ಗರ್ಭಕೋಶವನ್ನು ಯಾರೂ ಮುಟ್ಟಬಾರದು.

"ಆಸ್ಕಸ್" ಎಂದಿದ್ದರೆ ಕೆಲವು ಜೀವಕೋಶಗಳು ಇರಬೇಕಾದ ಹಾಗಿಲ್ಲ, ಕಾರಣ ಹೇಳಲಾಗದು ಎಂದರ್ಥ. ಸಾಮಾನ್ಯವಾಗಿ ಎಚ್‌ಪಿವಿ ಪರೀಕ್ಷೆ ಮಾಡಿಸುತ್ತೇವೆ, ಇಲ್ಲವೇ ಒಂದು ವರ್ಷ ಬಿಟ್ಟು ಮತ್ತೆ ಸ್ಮಿಯರ್ ತೆಗೆಯುತ್ತೇವೆ. ಮುಟ್ಟು ನಿಂತವರಲ್ಲಿ ಬರೀ ಈಸ್ಟ್ರೊಜನ್ ಕಮ್ಮಿಯಾದದ್ದರಿಂದಲೂ ಹೀಗೆ ಕಾಣುತ್ತದೆ. ಕೆಲವು ವಾರ ಈಸ್ಟ್ರೊಜನ್ ಮುಲಾಮು ಹಚ್ಚಿಸಿ ಮತ್ತೆ ನೋಡಿದರೆ ಎಷ್ಟೋ ಸಲ ಎಲ್ಲ ತಿಳಿಯಾಗಿರುತ್ತದೆ. "ಎಲ್‌ಎಸ್‌ಐಎಲ್" ಎಂದರೆ ಸೌಮ್ಯ ಬದಲಾವಣೆ. ಹೆಚ್ಚಿನ ಸಲ ಅದು ಎಚ್‌ಪಿವಿ ವೈರಸ್ ಸದ್ಯಕ್ಕೆ ಅಲ್ಲಿದೆ ಎಂಬುದರ ಗುರುತು. "ಎಚ್‌ಎಸ್‌ಐಎಲ್" ಹಾಗಲ್ಲ. ಅದು ತೀವ್ರ ಬದಲಾವಣೆ. ಅಂಥವರು ತಿಂಗಳುಗಳನ್ನು ಕಳೆಯದೆ ಕೆಲವೇ ವಾರಗಳಲ್ಲಿ ಕಾಲ್ಪೋಸ್ಕೋಪಿಗೆ, ಅಂದರೆ ಗರ್ಭಕಂಠವನ್ನು ಯಂತ್ರದಿಂದ ದೊಡ್ಡದಾಗಿ ನೋಡುವ ಪರೀಕ್ಷೆಗೆ, ಹೋಗಬೇಕು. "ಎಎಸ್‌ಸಿ-ಎಚ್", "ಎಜಿಸಿ" ಎಂದು ಬರೆದಿದ್ದರೂ ಅಷ್ಟೇ ತುರ್ತು. "ಅನ್‌ಸ್ಯಾಟಿಸ್ಫ್ಯಾಕ್ಟರಿ" ಎಂದಿದ್ದರೆ ಮಾದರಿ ಸಾಲಲಿಲ್ಲ ಎಂದು ಮಾತ್ರ. ಎರಡು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಕೊಡಬೇಕಾಗುತ್ತದೆ.

ಇವುಗಳಲ್ಲಿ ಯಾವುದೂ ಕ್ಯಾನ್ಸರ್ ಎಂಬ ನಿರ್ಣಯವಲ್ಲ. ಆ ಮಾತನ್ನು ಹೇಳಲು ಬಯಾಪ್ಸಿ ಬೇಕು.

ಸಮಯವಿದೆ ಎಂದು ಮೇಲೆ ಬರೆದೆ. ಎಷ್ಟು ಸಮಯ? ರೋಗನಿರೋಧಕ ಶಕ್ತಿ ಸರಿಯಾಗಿರುವ ಹೆಂಗಸಿನಲ್ಲಿ ವೈರಸ್ ಹೊಕ್ಕು ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಸಿಗದವರಲ್ಲಿ 5ರಿಂದ 10 ವರ್ಷ. ಇಷ್ಟು ನಿಧಾನವಾಗಿ, ಇಷ್ಟು ಸೂಚನೆಗಳನ್ನು ಕೊಡುತ್ತ ಬರುವ ಕ್ಯಾನ್ಸರ್ ಇನ್ನೊಂದು ಸಿಗುವುದು ಕಷ್ಟ. ಮೊದಲ ಹಂತದ ಬದಲಾವಣೆ, ಅಂದರೆ ಬಯಾಪ್ಸಿಯಲ್ಲಿ "ಸಿಐಎನ್-1" ಎಂದು ಬರುವುದು, ಬಹುತೇಕ ಹೆಂಗಸರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿಯೇ ಮಾಯವಾಗುತ್ತದೆ.

ಮೂರನೇ ಹಂತದ, ಅಂದರೆ ಸಿಐಎನ್-3ರ, ಕತೆ ಬೇರೆ. ಅದನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ಏನಾಗುತ್ತದೆಂದು ಲೋಕಕ್ಕೆ ಗೊತ್ತಾದ ಬಗೆ ಬಹಳ ನೋವಿನದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯರಿದ್ದರು. ಈ ಬದಲಾವಣೆ ಕ್ಯಾನ್ಸರಾಗಿ ತಿರುಗುವುದಿಲ್ಲ ಎಂಬುದು ಅವರ ನಂಬಿಕೆ. 1966ರಿಂದ ಮುಂದಕ್ಕೆ ಅಲ್ಲಿ ಎಷ್ಟೋ ಹೆಂಗಸರಿಗೆ ಪೂರ್ತಿ ಚಿಕಿತ್ಸೆ ಕೊಡದೆ, ಬರೀ ಗಮನಿಸುತ್ತ ಹೋದರು. ತಾವೊಂದು ಅಧ್ಯಯನದ ಭಾಗ ಎಂಬುದು ಆ ಹೆಂಗಸರಿಗೆ ಗೊತ್ತೇ ಇರಲಿಲ್ಲ. 1987ರಲ್ಲಿ ಸ್ಯಾಂಡ್ರಾ ಕೋನಿ, ಫಿಲಿಡಾ ಬಂಕಲ್ ಎಂಬಿಬ್ಬರು ಮಹಿಳೆಯರು ಪತ್ರಿಕೆಯೊಂದರಲ್ಲಿ ಅದನ್ನು ಬಯಲಿಗೆಳೆದರು, ಮರುವರ್ಷ ನ್ಯಾಯಾಂಗ ತನಿಖೆಯ ವರದಿಯೂ ಬಂತು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸರಿಯಾದ ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳೊಳಗೆ ಸುಮಾರು ಶೇ 31ರಷ್ಟು ಜನಕ್ಕೆ ಕ್ಯಾನ್ಸರ್ ಬಂದಿತ್ತು. ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಅದು ಶೇ 0.7.

ಆ ಹೆಂಗಸರು ತಿಳಿಯದೆ ತೆತ್ತ ಬೆಲೆಯಿಂದ ನಮಗೆ ಈ ಎರಡು ಅಂಕಿಗಳು ಸಿಕ್ಕಿವೆ. ಎಚ್‌ಎಸ್‌ಐಎಲ್ ರಿಪೋರ್ಟ್ ಹಿಡಿದು ನಡುಗುತ್ತ ಬಂದವರಿಗೆ ನಾನು ಇವನ್ನೇ ಹೇಳುತ್ತೇನೆ. ಚಿಕಿತ್ಸೆಯೇ ಸಿಗದವರಲ್ಲೂ ಮೂರರಲ್ಲಿ ಎರಡರಷ್ಟು ಜನಕ್ಕೆ ಮೂವತ್ತು ವರ್ಷವಾದರೂ ಕ್ಯಾನ್ಸರ್ ಬರಲಿಲ್ಲ, ಹಾಗಾಗಿ ಇವತ್ತು ರಾತ್ರಿ ನಿದ್ದೆಗೆಡಬೇಡಿ. ಚಿಕಿತ್ಸೆ ಮಾಡಿಸಿಕೊಂಡರೆ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, ಹಾಗಾಗಿ ಮುಂದಿನ ತಿಂಗಳನ್ನು ಬಿಡಬೇಡಿ.

ಬಿಡುವವರೇ ನಮ್ಮಲ್ಲಿ ಹೆಚ್ಚು ಎಂಬುದು ನನ್ನ ಸಂಕಟ. 2022ರ ಅಂದಾಜಿನಲ್ಲಿ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ತೀರಿಕೊಂಡರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಈ ಪರೀಕ್ಷೆಯನ್ನು ಬದುಕಿನಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9 ಮಾತ್ರ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಎಂದಿದೆ. ಕೈಯಲ್ಲಿ ರಿಪೋರ್ಟ್ ಇದೆ ಎಂದರೆ, ಅದರಲ್ಲಿ ಏನೇ ಬರೆದಿರಲಿ, ನೂರರಲ್ಲಿ ತೊಂಬತ್ತೆಂಟು ಜನಕ್ಕೆ ಸಿಗದ ಅವಕಾಶ ನಿಮಗೆ ಸಿಕ್ಕಿದೆ.

ಈ ಪರೀಕ್ಷೆಗಳಿಂದ ಜೀವ ಉಳಿಯುತ್ತದೆಂದು ತೋರಿಸಿಕೊಟ್ಟವರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಬಡ ಹೆಂಗಸರೂ ಇದ್ದಾರೆ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡು ವಿಐಎ ಅಧ್ಯಯನ ನಡೆಸಿದರು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ಹತ್ತನೇ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಹೆಣ್ಣುಮಕ್ಕಳು. ಆ ಕ್ಯಾನ್ಸರಿನಿಂದ ಆಗುವ ಸಾವು ಶೇ 31ರಷ್ಟು ಇಳಿಯಿತು. ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟಿದ್ದರಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಹೀಗಾಗಲು ಬರೀ ಪರೀಕ್ಷೆ ಸಾಲದು. ರಿಪೋರ್ಟ್ ಸರಿಯಿಲ್ಲವೆಂದು ಬಂದವರು ಕೂಲಿ ಬಿಟ್ಟು, ಮಗು ಎತ್ತಿಕೊಂಡು ಎರಡನೇ ಸಲ ಆಸ್ಪತ್ರೆಗೆ ಬಂದದ್ದರಿಂದಲೇ ಇದು ಸಾಧ್ಯವಾಯಿತು.

ಇನ್ನೊಂದು ಮಾತು, ನನ್ನ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ಮಾತ್ರ ಬರುವಂಥದ್ದು. "ಡಾಕ್ಟ್ರೇ, ಇದು ಗಂಡಸರಿಂದ ಬರೋ ಕಾಯಿಲೆಯಂತೆ ಹೌದಾ? ನಮ್ಮ ಮನೆಯವರು ಎಲ್ಲಾದರೂ…" ಎಂದು ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲವೇ ಗಂಡನೇ ಹೊರಗೆ ಕರೆದು, ಹೆಂಡತಿಯ ಮೇಲೆ ಅನುಮಾನವಿಟ್ಟುಕೊಂಡು ಕೇಳುತ್ತಾನೆ. ಇದಕ್ಕೆ ನೇರ ಉತ್ತರ ಕೊಡಬೇಕು. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂಬುದು ನಿಜ. ಆದರೆ ಅದು ಎಷ್ಟು ಸಾಮಾನ್ಯವೆಂದರೆ, ಲೈಂಗಿಕ ಬದುಕಿರುವ ಹತ್ತು ಜನರಲ್ಲಿ ಎಂಟು ಜನಕ್ಕಾದರೂ ಎಂದೋ ಒಮ್ಮೆ ತಗಲಿ ಹೋಗಿರುತ್ತದೆ, ಗಂಡಸರಿಗೂ ಹೆಂಗಸರಿಗೂ. ಒಬ್ಬನೇ ಗಂಡ, ಒಬ್ಬಳೇ ಹೆಂಡತಿ ಎಂದು ಬದುಕಿದವರಲ್ಲೂ ಅದು ಕಾಣುತ್ತದೆ. ಯಾವ ಲಕ್ಷಣವೂ ತೋರದೆ ವರ್ಷಾನುಗಟ್ಟಲೆ ಮೈಯಲ್ಲಿ ಅಡಗಿರಬಲ್ಲದು, ಎಂದೋ ಬಂದದ್ದು ಇಂದು ಪರೀಕ್ಷೆಯಲ್ಲಿ ತೋರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಗಂಡಸರಿಗೆ ಇದನ್ನು ನೋಡುವ ವಾಡಿಕೆಯ ಪರೀಕ್ಷೆಯೂ ಇಲ್ಲ. ಆದ್ದರಿಂದ ಈ ಕಾಗದವನ್ನು ಯಾರ ಶೀಲದ ಸಾಕ್ಷಿಯಾಗಿಯೂ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕಾಗಿ ಒಂದು ಸಂಸಾರ ಒಡೆದರೆ ಅದು ಶುದ್ಧ ಅನ್ಯಾಯ.

ವೈರಸ್ ತಗಲಿದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಎರಡು ವರ್ಷದೊಳಗೆ ಅದನ್ನು ತಾವೇ ಹೊರಹಾಕುತ್ತಾರೆ. ಉಳಿದುಕೊಂಡವರಲ್ಲಿ, ಅದೂ 16 ಮತ್ತು 18ನೇ ಬಗೆಯವು ಉಳಿದವರಲ್ಲಿ, ಮುಂದೆ ತೊಂದರೆಯಾಗುವುದು ಹೆಚ್ಚು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇ 70ರಷ್ಟಕ್ಕೆ ಈ ಎರಡೇ ಕಾರಣ. 1980ರ ದಶಕದಲ್ಲಿ ಈ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ವೈರಸ್ಸನ್ನು ಓಡಿಸುವ ಮಾತ್ರೆ ಇಲ್ಲ. ಅಂಥದ್ದೆಂದು ಹೇಳಿ ಮಾರುವ ಪುಡಿ, ಕಷಾಯಗಳಿಗೆ ದುಡ್ಡು ಸುರಿಯಬೇಡಿ. ಬೀಡಿ ಸಿಗರೇಟು ಬಿಟ್ಟರೆ ಮಾತ್ರ ನಿಜಕ್ಕೂ ಉಪಯೋಗವಿದೆ, ಏಕೆಂದರೆ ಸೇದುವವರಲ್ಲಿ ಈ ವೈರಸ್ ಬೇಗ ಹೋಗುವುದಿಲ್ಲ. ಲಸಿಕೆ ಈಗಾಗಲೇ ಇರುವ ಸೋಂಕನ್ನು ವಾಸಿ ಮಾಡುವುದಿಲ್ಲ. ಅದು ಸಿಗಬೇಕಾದ್ದು ನಿಮ್ಮ ಮಗಳಿಗೆ, 9ರಿಂದ 14 ವರ್ಷದೊಳಗೆ.

ಕಾಲ್ಪೋಸ್ಕೋಪಿ ಎಂದ ಕೂಡಲೇ ಎಷ್ಟೋ ಜನ ಆಪರೇಷನ್ ಎಂದುಕೊಂಡು ಹಿಂದಿನ ರಾತ್ರಿಯಿಂದ ಉಪವಾಸ ಬರುತ್ತಾರೆ. ಉಪವಾಸ ಬೇಡ, ಅಡ್ಮಿಟ್ ಆಗುವುದೂ ಬೇಡ. ಹತ್ತು ಇಪ್ಪತ್ತು ನಿಮಿಷದ ಕೆಲಸ. ಸ್ಮಿಯರ್ ತೆಗೆದಾಗ ಹಾಕಿದ ಉಪಕರಣವನ್ನೇ ಹಾಕಿ, ದೊಡ್ಡದಾಗಿ ತೋರಿಸುವ ದುರ್ಬೀನಿನಂಥ ಯಂತ್ರದಿಂದ ಹೊರಗಿನಿಂದಲೇ ಗರ್ಭಕಂಠವನ್ನು ನೋಡುತ್ತೇವೆ. ಯಂತ್ರ ಒಳಗೆ ಹೋಗುವುದಿಲ್ಲ. ಅಸಿಟಿಕ್ ಆಮ್ಲ ಹಚ್ಚಿದಾಗ ಸ್ವಲ್ಪ ಉರಿ, ಆಮೇಲೆ ಕಂದು ಬಣ್ಣದ ಅಯೋಡಿನ್. ಅನುಮಾನದ ಜಾಗವಿದ್ದರೆ ಎರಡು ಮೂರು ಮಿಲಿಮೀಟರಿನ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ. ಆಗ ಚಿವುಟಿದ ಹಾಗೆ, ಮುಟ್ಟಿನ ನೋವಿನ ಹಾಗೆ ಒಂದು ಹಿಡಿತ ಬರುತ್ತದೆ. ರಕ್ತ ನಿಲ್ಲಲು ಔಷಧಿ ಹಚ್ಚುವುದರಿಂದ ಎರಡು ಮೂರು ದಿನ ಕಾಫಿ ಗಸಿಯ ಬಣ್ಣದ ಸ್ರಾವವಾಗಬಹುದು. ಮೊದಲೇ ಹೇಳದಿದ್ದರೆ ಹೆಂಗಸರು ಅದನ್ನು ಕಂಡು ಬೆಚ್ಚಿಬೀಳುತ್ತಾರೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮುಟ್ಟಿನ ದಿನಗಳನ್ನು ಬಿಟ್ಟು ಬನ್ನಿ. ಹಿಂದಿನ ಎರಡು ದಿನ ಗಂಡಹೆಂಡಿರ ಸಂಪರ್ಕ ಬೇಡ, ಒಳಗಿಡುವ ಮಾತ್ರೆ, ಮುಲಾಮು ಬೇಡ. ಹೆಂಗಸು ಡಾಕ್ಟರೇ ಬೇಕೆಂದು ಕೇಳಬಹುದು, ಪರದೆ ಎಳೆಯಿರಿ ಎನ್ನಬಹುದು, ಜೊತೆಗೆ ಅಕ್ಕನೋ ಗೆಳತಿಯೋ ಇರಲಿ ಎನ್ನಬಹುದು. ನೋವಾದರೆ "ಸ್ವಲ್ಪ ನಿಲ್ಲಿಸಿ" ಎನ್ನಬಹುದು, ಅಂದ ಕೂಡಲೇ ನಾವು ನಿಲ್ಲಿಸಬೇಕು. ಮದುವೆಯಾಗದ ಹುಡುಗಿ ಬಂದಾಗ ಅವಳ ಮುಖ ಬಾಡುವಂಥ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಇದೆ. ಅದು ಹೋಗಬೇಕು. ಅವಮಾನಪಟ್ಟ ಹೆಂಗಸು ಎರಡನೇ ಸಲ ಬರುವುದಿಲ್ಲ.

ಬಯಾಪ್ಸಿಯಲ್ಲಿ ಸಿಐಎನ್-1 ಎಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ, ಒಂದು ವರ್ಷಕ್ಕೆ ಮತ್ತೆ ಪರೀಕ್ಷೆ. ಸಿಐಎನ್-2, 3 ಎಂದರೆ ಬದಲಾದ ಪದರವನ್ನಷ್ಟೇ ತೆಗೆಯುತ್ತೇವೆ ಅಥವಾ ಸುಡುತ್ತೇವೆ. ಲೀಪ್ ಎಂಬ ವಿಧಾನದಲ್ಲಿ ಆ ಜಾಗವನ್ನು ಮಾತ್ರ ಮರಗಟ್ಟಿಸಿ, ವಿದ್ಯುತ್ ಹರಿಯುವ ತೆಳುತಂತಿಯ ಕುಣಿಕೆಯಿಂದ ಪದರವನ್ನು ಎತ್ತುತ್ತಾರೆ. ಥರ್ಮಲ್ ಅಬ್ಲೇಶನ್‌ನಲ್ಲಿ ಸುಮಾರು 100 ಡಿಗ್ರಿ ಕಾದ ಮೊನೆಯನ್ನು ಅರ್ಧ ನಿಮಿಷದಷ್ಟು ಹೊತ್ತು ಮುಟ್ಟಿಸುತ್ತಾರೆ. ಎರಡರಲ್ಲೂ ಅದೇ ದಿನ ಮನೆಗೆ ಹೋಗಬಹುದು. ಕೆಲವು ವಾರ ನೀರಿನಂಥ ಸ್ರಾವವಿರುತ್ತದೆ, ನಾಲ್ಕರಿಂದ ಆರು ವಾರ ಸಂಪರ್ಕ ಬೇಡ. ಪ್ಯಾಡ್ ಮೇಲೆ ಪ್ಯಾಡ್ ಬದಲಿಸಬೇಕಾದಷ್ಟು ರಕ್ತ ಹೋದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಕಾಯದೆ ಬರಬೇಕು. ಇದರಿಂದ ಬಸಿರಾಗಲು ಸಾಮಾನ್ಯವಾಗಿ ತೊಂದರೆಯಿಲ್ಲ. ಲೀಪ್ ಆದವರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚು, ಆದ್ದರಿಂದ ಮುಂದೆ ಬಸಿರಾದಾಗ ಆ ಡಾಕ್ಟರಿಗೆ ತಿಳಿಸಿ. ಬಸಿರಿನಲ್ಲೇ ರಿಪೋರ್ಟ್ ಬಂದಿದ್ದರೆ ಕಾಲ್ಪೋಸ್ಕೋಪಿ ಮಾಡಿಸಬಹುದು, ಮಗುವಿಗೆ ಅಪಾಯವಿಲ್ಲ. ಕ್ಯಾನ್ಸರಿನ ಅನುಮಾನ ಇಲ್ಲದಿದ್ದರೆ ಚಿಕಿತ್ಸೆ ಹೆರಿಗೆಯ ನಂತರ.

ಈಗ ಗರ್ಭಕೋಶದ ಮಾತಿಗೆ ಬರುತ್ತೇನೆ. "ಮಕ್ಕಳಾಗಿದ್ದಾವೆ, ಇನ್ನು ಅದು ಇದ್ದು ಏನು ಪ್ರಯೋಜನ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಒಮ್ಮೊಮ್ಮೆ ವೈದ್ಯರ ಬಾಯಿಂದಲೂ ಬರುತ್ತದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಗರ್ಭಕೋಶ ಕಳೆದುಕೊಂಡ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದದ್ದನ್ನು ಓದುಗರು ಮರೆತಿರಲಾರರು. ಅವರಲ್ಲಿ ಬಹಳ ಜನ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು. ಹೊಟ್ಟೆನೋವು, ಬೆನ್ನುನೋವು, ಬಿಳಿಮುಟ್ಟು ಎಂದು ಹೋದವರು. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಅವರನ್ನು ಹೆದರಿಸಲಾಗಿತ್ತು. ಬೇರೆ ರಾಜ್ಯಗಳಲ್ಲೂ ಇದೇ ನಡೆದು, ಕೊನೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಹೊರಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು.

ಸ್ಮಿಯರ್ ರಿಪೋರ್ಟ್ ಒಂದನ್ನೇ ನೋಡಿ ಗರ್ಭಕೋಶ ತೆಗೆಯುವುದು ಎರಡು ರೀತಿಯಲ್ಲಿ ತಪ್ಪು. ಬಹುಪಾಲು ಹೆಂಗಸರಿಗೆ ಅದು ಬೇಕೇ ಇರುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದಕ್ಕೇ ಮುಟ್ಟು ನಿಂತವರ ಸ್ಥಿತಿ, ಮೂಳೆ ಸವೆತ, ಹೃದಯದ ತೊಂದರೆ ಎಲ್ಲ ಬೇಗ ಬರುತ್ತವೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕೆಲವರಲ್ಲಿ ನಿಜವಾಗಿಯೂ ಕ್ಯಾನ್ಸರ್ ಶುರುವಾಗಿರುತ್ತದೆ. ಬಯಾಪ್ಸಿ ಮಾಡದೆ ಸಾಮಾನ್ಯ ಆಪರೇಷನ್ ಮಾಡಿಬಿಟ್ಟರೆ ಅದು ಅವರಿಗೆ ಸಾಲುವುದೂ ಇಲ್ಲ, ಮುಂದೆ ಸರಿಯಾದ ಚಿಕಿತ್ಸೆ ಕೊಡುವುದೂ ಜಟಿಲವಾಗುತ್ತದೆ. ಹೀಗೆ ಎಡವಟ್ಟಾಗಿ ಕೊನೆಗೆ ಕ್ಯಾನ್ಸರ್ ಆಸ್ಪತ್ರೆಗೆ ಬರುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಯಾರಾದರೂ ತೆಗೆಸಿ ಎಂದರೆ ಮೂರು ಪ್ರಶ್ನೆ ಕೇಳಿ. ಬಯಾಪ್ಸಿ ಆಗಿದೆಯಾ, ಅದರಲ್ಲಿ ಏನು ಬಂದಿದೆ, ಪದರವನ್ನಷ್ಟೇ ತೆಗೆದರೆ ಯಾಕೆ ಸಾಲದು. ಉತ್ತರ ಬರವಣಿಗೆಯಲ್ಲಿ ಸಿಗದಿದ್ದರೆ ಆ ಕಾಗದ ತೆಗೆದುಕೊಂಡು ಸರ್ಕಾರಿ ಮೆಡಿಕಲ್ ಕಾಲೇಜಿನ ಸ್ತ್ರೀರೋಗ ವಿಭಾಗಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ. ಬಯಾಪ್ಸಿಯಲ್ಲಿ ಮುನ್ನಿನ ಹಂತ ಎಂದಷ್ಟೇ ಇದ್ದರೆ, ಇನ್ನೊಬ್ಬ ವೈದ್ಯರನ್ನು ಕೇಳಿಬರಲು ಹಿಡಿಯುವ ಕೆಲವು ದಿನಗಳಿಂದ ಏನೂ ಕೆಡುವುದಿಲ್ಲ.

ಇಷ್ಟೆಲ್ಲ ತಿಳಿದರೂ ಭಯ ಉಳಿದೇ ಉಳಿಯುತ್ತದೆ. ರಿಪೋರ್ಟ್ ಬಂದ ದಿನಕ್ಕೂ ಕಾಲ್ಪೋಸ್ಕೋಪಿಯ ದಿನಕ್ಕೂ ನಡುವಿನ ವಾರಗಳು ತುಂಬ ಕಷ್ಟದವು. ಅಡುಗೆ ಮಾಡುತ್ತ ಮಾಡುತ್ತ ಕಣ್ಣಲ್ಲಿ ನೀರು ಬರುತ್ತದೆ, ಮಕ್ಕಳ ಮುಖ ನೋಡಿದರೆ ಕರುಳು ಹಿಂಡುತ್ತದೆ, ಗಂಡ ಹತ್ತಿರ ಬಂದರೆ ಬೇಡವೆನ್ನಿಸುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ, ಯಾರಿಗಾದರೂ ಹೀಗೇ ಆಗುತ್ತದೆ. ಇಡೀ ಬಳಗಕ್ಕೆ ಹೇಳಬೇಕಾಗಿಲ್ಲ. ಒಬ್ಬರಿಗೆ ಹೇಳಿ, ಕೇಳಿಸಿಕೊಂಡು ಸುಮ್ಮನಿರಬಲ್ಲ ಒಬ್ಬರಿಗೆ, ಆಸ್ಪತ್ರೆಗೆ ಜೊತೆಗೆ ಬರಬಲ್ಲವರಿಗೆ. "ನಮ್ಮತ್ತೆಗೂ ಹೀಗೇ ಆಗಿ ಆರು ತಿಂಗಳಲ್ಲಿ ಹೋದರು" ಎನ್ನುವವರಿಂದ ಆ ವಾರಗಳಲ್ಲಿ ದೂರವಿರಿ. ರಾತ್ರಿ ಮಲಗಿಕೊಂಡು ಫೋನಿನಲ್ಲಿ ಹುಡುಕುವುದನ್ನು ನಿಲ್ಲಿಸಿ, ಮನಸ್ಸಿಗೆ ಬಂದ ಪ್ರಶ್ನೆಗಳನ್ನು ಮಗುವಿನ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಆ ಪುಸ್ತಕವನ್ನೇ ಡಾಕ್ಟರ ಮುಂದೆ ತೆರೆಯಿರಿ. ನಿದ್ದೆ ಪೂರ್ತಿ ಹೋದರೆ, ಊಟ ಸೇರದಿದ್ದರೆ ಅದನ್ನೂ ಹೇಳಿ. ಅದಕ್ಕೂ ಸಹಾಯವಿದೆ.

ಗಂಡಂದಿರು ಮಾಡಬಹುದಾದ್ದು ಬಹಳವಿದೆ. ಅವತ್ತು ರಜೆ ಹಾಕಿ ಜೊತೆಗೆ ಬನ್ನಿ. ಸ್ಕೂಲಿನಿಂದ ಮಕ್ಕಳನ್ನು ಕರೆತರುವುದು, ಸಂಜೆಯ ಅಡುಗೆ, ನೀರು ಹಿಡಿಯುವುದು ಇವನ್ನು ಅವಳು ಕೇಳುವ ಮೊದಲೇ ಮಾಡಿ. ಚಿಕಿತ್ಸೆಯ ನಂತರ ವೈದ್ಯರು ಹೇಳಿದ ವಾರಗಳಷ್ಟು ಅವಳಿಂದ ದೂರವಿರಿ, ಅದಕ್ಕಾಗಿ ಮುಖ ಗಂಟಿಕ್ಕಬೇಡಿ.

ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ, ಪೌರಕಾರ್ಮಿಕರಿಗೆ, ಕೂಲಿಗೆ ಹೋಗುವವರಿಗೆ ಒಂದು ದಿನದ ಸಂಬಳವೇ ದೊಡ್ಡ ತಡೆ. ಇಎಸ್‌ಐ ಇದ್ದರೆ ಆ ಕಾರ್ಡ್ ತನ್ನಿ, ಚಿಕಿತ್ಸೆಗೂ ರಜೆಗೂ ಅದು ನೆರವಾಗುತ್ತದೆ. ಬಿಪಿಎಲ್ ಕಾರ್ಡ್ ಇರುವವರು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಕೇಳಿ. ಶಿಬಿರದಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಶಿಬಿರದವರು ಮತ್ತೆ ಬಂದು ಹೇಳುತ್ತಾರೆಂದು ಕಾಯಬೇಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ರಿಪೋರ್ಟ್ ತೋರಿಸಿ ದಿನ ಗೊತ್ತುಮಾಡಿಸಿಕೊಳ್ಳಿ. ಶಿಬಿರ ಮಾಡುವ ಸಂಘಸಂಸ್ಥೆಗಳಿಗೂ ಒಂದು ಕೋರಿಕೆ: ಎಷ್ಟು ಜನಕ್ಕೆ ಪರೀಕ್ಷೆ ಮಾಡಿದಿರಿ ಎಂಬುದರ ಜೊತೆಗೆ, ರಿಪೋರ್ಟ್ ಸರಿಯಿಲ್ಲದವರಲ್ಲಿ ಎಷ್ಟು ಜನ ಕಾಲ್ಪೋಸ್ಕೋಪಿಗೆ ತಲುಪಿದರು ಎಂಬುದನ್ನೂ ಪತ್ರಿಕೆಗೆ ಕೊಡಿ. ಫಾರ್ಮಿನಲ್ಲಿ ಹೆಂಗಸಿನ ಸ್ವಂತ ನಂಬರನ್ನೇ ಕೇಳಿ, ಅವಳಿಗೆ ಫೋನಿಲ್ಲದಿದ್ದರೆ ಯಾರಿಗೆ ತಿಳಿಸಬೇಕೆಂದು ಅವಳನ್ನೇ ಕೇಳಿ.

ರಿಪೋರ್ಟ್ ಚೆನ್ನಾಗಿ ಬಂದಿದ್ದರೂ ಕಾಯಬಾರದ ಕೆಲವು ಸಂಗತಿಗಳಿವೆ. ಸಂಪರ್ಕದ ನಂತರ ರಕ್ತ ಕಾಣುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಹೋಗುವುದು, ಎರಡು ಮುಟ್ಟಿನ ನಡುವೆ ರಕ್ತ, ಕೆಟ್ಟ ವಾಸನೆಯ ಸ್ರಾವ. ಇವು ಇದ್ದರೆ ಹೋದ ವರ್ಷದ ನಾರ್ಮಲ್ ರಿಪೋರ್ಟನ್ನು ನಂಬಿ ಕೂರಬೇಡಿ, ಏಕೆಂದರೆ ಯಾವ ಪರೀಕ್ಷೆಯೂ ಎಲ್ಲವನ್ನೂ ಹಿಡಿಯುವುದಿಲ್ಲ.

ಚಿಕಿತ್ಸೆಯಾದ ಮೇಲೆ ಮೊದಲ ವರ್ಷದೊಳಗೆ ಮತ್ತೆ ಪರೀಕ್ಷೆ ಆಗಬೇಕು. ಅದು ಸರಿ ಬಂದರೂ ಅಲ್ಲಿಗೆ ನಿಲ್ಲಿಸುವಂತಿಲ್ಲ. ಸಿಐಎನ್-2 ಅಥವಾ 3ಕ್ಕೆ ಚಿಕಿತ್ಸೆ ಪಡೆದವರಲ್ಲಿ ಇತರರಿಗಿಂತ ತುಸು ಹೆಚ್ಚಿನ ಅಪಾಯ ಇಪ್ಪತ್ತು ಇಪ್ಪತ್ತೈದು ವರ್ಷಗಳವರೆಗೂ ಉಳಿದಿರುತ್ತದೆ. ಸಿಐಎನ್-2 ಅಥವಾ 3ರ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡವರೂ ಯೋನಿಯ ಮೇಲ್ಭಾಗದ ಪರೀಕ್ಷೆಯನ್ನು ಮುಂದುವರಿಸಬೇಕು. ಇಷ್ಟು ದೀರ್ಘ ಅವಧಿಯಲ್ಲಿ ಮನೆ ಬದಲಾಗುತ್ತದೆ, ಊರು ಬದಲಾಗುತ್ತದೆ, ನೋಡುತ್ತಿದ್ದ ವೈದ್ಯರು ನಿವೃತ್ತರಾಗುತ್ತಾರೆ. ಹೊಸ ಊರಿನ ವೈದ್ಯರಿಗೆ ನಿಮ್ಮ ಹಳೇ ಕತೆ ಗೊತ್ತಾಗುವುದು ನಿಮ್ಮ ಕೈಯಲ್ಲಿರುವ ಕಾಗದದಿಂದ ಮಾತ್ರ. ಸ್ಮಿಯರ್ ರಿಪೋರ್ಟ್, ಬಯಾಪ್ಸಿ ರಿಪೋರ್ಟ್, ಏನು ಚಿಕಿತ್ಸೆ ಯಾವ ದಿನ ಆಯಿತು ಎಂದು ಬರೆದ ಡಿಸ್ಚಾರ್ಜ್ ಚೀಟಿ, ಮೂರನ್ನೂ ಕೇಳಿ ಪಡೆಯಿರಿ, ಫೋಟೋ ತೆಗೆದಿಟ್ಟುಕೊಳ್ಳಿ. ಮೂಲ ಕಾಗದಗಳನ್ನು ರೇಷನ್ ಕಾರ್ಡ್, ಆಧಾರ್ ಇಡುವ ಕವರಿನಲ್ಲೇ ಇಡಿ. ಮುಂದಿನ ಪರೀಕ್ಷೆಯ ತಿಂಗಳು, ವರ್ಷವನ್ನು ಆ ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.